ಸ್ಟೇಷನ್ನಿಲ್ಲದ ಸ್ಟೇಷನ್ ಚೌಕ

ಕಳೆದ ತಿಂಗಳು ಕವಲಾಪುರದಿಂದ ಶಾಲೆಯ ಮಕ್ಕಳನ್ನು ಕರೆದುಕೊಂಡು ಸಾಂಗ್ಲಿಗೆ ಹೋಗಿದ್ದೆವು. ಬುಧಗಾವ್, ಮಾಧವನಗರ ದಾಟಿ ಪೇಟೆ ಸೇರಿದಾಗ ಕಂಡಕ್ಟರನು ‘ಸ್ಟೇಷನ್ ಚೌಕ’ ಎಂದು ಕೂಗಿದನು. ಇಳಿದೊಡನೆ ಕನ್ನಡ ಮನೆಯ ಹುಡುಗನೊಬ್ಬನು ನಾಲ್ಕೂ ದಿಕ್ಕು ನೋಡಿ, “ಸ್ಟೇಷನ್ ಎಲ್ಲೈತ್ರಿ ಗುರುಗಳ?” ಎಂದನು. ಅಂಗಡಿಗಳಿದ್ದವು, ವಾಹನಗಳಿದ್ದವು, ಹಳಿ ಮಾತ್ರ ಕಾಣಲಿಲ್ಲ.

ಹೆಸರೇನೂ ಸುಳ್ಳಲ್ಲ. ಮುಖ್ಯ ರೈಲುಮಾರ್ಗವು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಮಿರಜಿಗೆ ಬಂದಿತ್ತು. ಸಾಂಗ್ಲಿಯ ಪೇಟೆಗೆ ಬಂದಿರಲಿಲ್ಲ. ಆದುದರಿಂದ ಸಾಂಗ್ಲಿ ಸಂಸ್ಥಾನವು 1907ರಲ್ಲಿ ಮಿರಜಿನಿಂದ ತನ್ನ ರಾಜಧಾನಿಗೆ ಸುಮಾರು ಐದು ಮೈಲಿನ ಮೀಟರ್‌ಗೇಜ್ ಕವಲುಹಳಿಯನ್ನು ಹಾಕಿಸಿತು. ಎರಡೂ ಊರುಗಳ ಅರಸರು ಪಟವರ್ಧನ ಮನೆತನದವರೇ. ದಾಯಾದಿಯ ಊರಿಗೆ ಇದ್ದುದು ತಮ್ಮ ಊರಿಗೂ ಬೇಕೆನಿಸಿದ್ದರೆ ಆಶ್ಚರ್ಯವೇನು? ನಡುವಿನ ವಿಶ್ರಾಮಬಾಗದಲ್ಲಿ 1919ರಲ್ಲಿ ವಿಲಿಂಗ್ಡನ್ ಕಾಲೇಜು ಆರಂಭವಾಯಿತು. ಮುಂದೆ ರಂ. ಶ್ರೀ. ಮುಗಳಿಯವರೂ ವಿ. ಕೃ. ಗೋಕಾಕರೂ ಅಲ್ಲಿಯೇ ಪಾಠ ಹೇಳಿದರು.

ಈ ಪುಟ್ಟ ಗಾಡಿಗೂ ಕನ್ನಡಿಗರಿಗೂ ಇನ್ನೊಂದು ನಂಟಿತ್ತು. ತೇರದಾಳ, ಶಿರಹಟ್ಟಿ, ಬೆಳಗಾವಿಯ ಮಗ್ಗುಲಿನ ಶಹಾಪುರ, ಇವೆಲ್ಲ ಸಾಂಗ್ಲಿ ಸಂಸ್ಥಾನಕ್ಕೇ ಸೇರಿದ್ದವು. ನಮ್ಮ ಅಜ್ಜನವರು ತೇರದಾಳದವರು. ಹೊಲದ ವ್ಯಾಜ್ಯವೊಂದರ ತಾರೀಖಿಗೆ ಅವರು ಚಕ್ಕಡಿಯಲ್ಲಿ ಕುಡಚಿಗೆ ಬಂದು, ರೈಲು ಹತ್ತಿ ಮಿರಜಿನಲ್ಲಿ ಇಳಿದರು. ಸಾಂಗ್ಲಿಯ ಗಾಡಿಗೆ ಇನ್ನೂ ಹೊತ್ತಿತ್ತು. ಬುತ್ತಿ ಬಿಚ್ಚಿ ರೊಟ್ಟಿ ತಿಂದು ಒರಗಿದವರಿಗೆ ಕಣ್ಣು ಹತ್ತಿತು. ಎಚ್ಚರವಾದಾಗ ಗಾಡಿ ಹೋಗಿತ್ತು. ಬಿಸಿಲಿನಲ್ಲಿ ಐದು ಮೈಲು ನಡೆದು ಕಚೇರಿ ಮುಟ್ಟಿದರೆ ಕೂಗಿ ಕರೆದು ಆಗಿಹೋಗಿತ್ತು. ಮುಂದಿನ ತಾರೀಖಿಗೆ ಅವರು ಹಿಂದಿನ ದಿನವೇ ಬಂದು ಸಾಂಗ್ಲಿ ಸ್ಟೇಷನ್ನಿನ ಕಟ್ಟೆಯ ಮೇಲೆ ರಾತ್ರಿ ಕಳೆದರಂತೆ. ಆ ಕಟ್ಟೆ ಎಲ್ಲಿದ್ದೀತೆಂದು ನಾವೂ ಅಂದು ಹುಡುಕಿ ನೋಡಿದೆವು.

1948ರಲ್ಲಿ ಸಂಸ್ಥಾನ ವಿಲೀನವಾಯಿತು. 1971ರ ಸುಮಾರಿಗೆ ಪುಣೆಯಿಂದ ಮಿರಜಿನವರೆಗಿನ ಮಾರ್ಗವು ಬ್ರಾಡ್‌ಗೇಜ್ ಆಯಿತು. ಮೀಟರ್‌ಗೇಜೆಂದರೆ ಹಳಿಗಳ ನಡುವೆ 1000 ಮಿಲಿಮೀಟರು, ಬ್ರಾಡ್‌ಗೇಜಿಗೆ 1676. ಒಂದರ ಗಾಡಿ ಮತ್ತೊಂದರ ಮೇಲೆ ಓಡದು. ಹೊಸ ಮುಖ್ಯಮಾರ್ಗಕ್ಕೆ ಸಾಂಗ್ಲಿಯ ಹೊಸ ಸ್ಟೇಷನ್ ಬೇರೆ ಕಡೆ ಆಯಿತು. ದೊಡ್ಡ ಗಾಡಿಗಳೇ ಊರಿಗೆ ಬಂದ ಮೇಲೆ ಕವಲುಹಳಿಗೆ ಕೆಲಸವೆಲ್ಲಿ? ಅನುಕೂಲವಾಯಿತೆಂಬುದರಲ್ಲಿ ಸಂಶಯವಿಲ್ಲ. ಆದರೆ ಪೇಟೆಯ ಮಧ್ಯದಲ್ಲಿಯೇ ಇಳಿಯುವ ಸುಖ ಹೋಯಿತೆಂದು ಹಿರಿಯರು ಬಹುಕಾಲ ಹೇಳುತ್ತಿದ್ದುದನ್ನು ನಾವು ಕೇಳಿದ್ದೇವೆ.

ಮಿರಜಿನಲ್ಲಿ ಮಾತ್ರ ಮುಂದೆಯೂ ಹಲವು ವರ್ಷ ಮೂರು ಬಗೆಯ ಹಳಿಗಳಿದ್ದವು: ಪುಣೆಯ ಕಡೆಗೆ ಬ್ರಾಡ್‌ಗೇಜ್, ಬೆಳಗಾವಿಯ ಕಡೆಗೆ ಮೀಟರ್‌ಗೇಜ್, 1927ರಿಂದ ಪಂಢರಪುರದ ಕಡೆಗೆ ಬಾರ್ಶಿ ಲೈಟ್ ರೈಲ್ವೆಯ ನ್ಯಾರೋಗೇಜ್. ಗಂಟು ಹೊತ್ತು ಒಂದರಿಂದ ಇನ್ನೊಂದಕ್ಕೆ ಓಡಿದ ನೆನಪು ನಮ್ಮ ಓದುಗರಲ್ಲಿ ಅನೇಕರಿಗೆ ಇದ್ದೀತು. ಈಗ ಎಲ್ಲವೂ ಬ್ರಾಡ್‌ಗೇಜ್.

ಚೌಕದ ಬದಿಯ ನೆರಳಿನಲ್ಲಿ ನಿಂತು ಇಷ್ಟನ್ನೂ ಹೇಳಿದೆವು. ಗೇಜಿನ ಲೆಕ್ಕ ಆ ಹುಡುಗನ ಕಿವಿಗೆ ಬಿದ್ದಿತೋ ಇಲ್ಲವೋ! “ಹೊಲ ಉಳೀತೇನ್ರಿ?” ಎಂದು ಕೇಳಿದನು.

ಉಳಿಯಿತು, ಎರಡು ಎಕರೆ. ಅದನ್ನು ನಮ್ಮ ತಂದೆಯವರು ನಮ್ಮ ಶಿಕ್ಷಕ ತರಬೇತಿಯ ಖರ್ಚಿಗೆಂದು ಮಾರಿದರು.