ಮುರಿದ ಕಾಲು, ಮರಳಿದ ಓಟ

ಗಾಯಗೊಂಡವರು ಮತ್ತೆ ಓಡಿದರೆ ಅದೆಲ್ಲವೂ ಮನೋಬಲದ ಮಹಿಮೆಯೆಂದು ಕೊಂಡಾಡುವುದು ರೂಢಿ. ನಾವು ಇದನ್ನು ಪೂರ್ತಿಯಾಗಿ ಒಪ್ಪಲಾರೆವು.

ಅಮೆರಿಕದ ಬೆಟ್ಟಿ ರಾಬಿನ್ಸನ್ 1928ರ ಒಲಿಂಪಿಕ್ಸ್‌ನಲ್ಲಿ 100 ಮೀಟರ್ ಓಟವನ್ನು ಗೆದ್ದಾಗ ಆಕೆಗೆ 16 ವರ್ಷ. 1931ರಲ್ಲಿ ವಿಮಾನಾಪಘಾತದಿಂದ ಆಕೆಯ ಕಾಲು ಮುರಿಯಿತು. ಮೂಳೆಯು ಸಜೀವ ವಸ್ತು. ಮುರಿದೆಡೆ ಕೂಡಿಕೊಂಡು, ಹದವರಿತು ಭಾರ ಹೊರಿಸಿದಂತೆಲ್ಲ ಗಟ್ಟಿಯಾಗುತ್ತದೆ. ಸೊರಗಿದ ಸ್ನಾಯುವೂ ದುಡಿಮೆಯಿಂದಲೇ ಪುಷ್ಟಿಗೊಳ್ಳುತ್ತದೆ. ಇಲ್ಲಿ ಆತುರ ಸಲ್ಲದು.

ಆದರೂ ಆಕೆಯ ಮಂಡಿ ಪೂರ್ತಿ ಮಡಿಯದಾಯಿತು. ಬಾಗಿ ಕುಳಿತು ಓಟವನ್ನಾರಂಭಿಸುವುದು ಅಸಾಧ್ಯವಾಯಿತು. ರಿಲೇ ಓಟದಲ್ಲಾದರೋ, ಮೊದಲಿನವರ ಹೊರತು ಉಳಿದವರು ನಿಂತೇ ಹೊರಡಬಹುದು. 1936ರಲ್ಲಿ ಬರ್ಲಿನ್ನಿನಲ್ಲಿ ಆಕೆ ಮೂರನೆಯವಳಾಗಿ ಓಡಿ ತಂಡದೊಡನೆ ಸ್ವರ್ಣಪದಕ ಪಡೆದಳು.

ಆದುದರಿಂದ ಗಾಯಗೊಂಡವರಿಗೆ ಧೈರ್ಯ ಹೇಳಿದರಷ್ಟೇ ಸಾಲದು. ಅವರಿಗೊಪ್ಪುವ ಸ್ಥಾನವನ್ನು ನಮ್ಮ ಶಾಲೆಯ ಮೈದಾನಗಳಲ್ಲಿ ಕಲ್ಪಿಸಿಕೊಡುವುದು ನಮ್ಮೆಲ್ಲರ ಹೊಣೆ.