ವಿಮಾ ಏಜೆಂಟರ ಕಮಿಷನ್: ಎಷ್ಟು ಎಂಬುದಕ್ಕಿಂತ ಯಾವಾಗ ಎಂಬುದೇ ಮುಖ್ಯ

ದಲಾಲಿ, ಕಮಿಷನ್ ಎಂಬ ಮಾತುಗಳು ವ್ಯಾಪಾರಸ್ಥರಿಗೆ ಹೊಸವಲ್ಲ. ಮಂಡಿಯಲ್ಲಿ ದಲಾಲರ ಆದಾಯ ಯಾವ ಕಡೆಯಿಂದ ಬರುತ್ತದೆಯೋ ಅವರ ಮಾತೂ ಆ ಕಡೆಗೇ ವಾಲುತ್ತದೆಂಬುದನ್ನು ನಮ್ಮ ಸದಸ್ಯ ಬಾಂಧವರು ಅನುಭವದಿಂದ ಬಲ್ಲರು. ಆದರೆ ಆರೋಗ್ಯ ವಿಮೆಯ ಅರ್ಜಿಗೆ ಸಹಿ ಹಾಕುವಾಗ, ಎದುರಿಗೆ ಕುಳಿತ ಏಜೆಂಟರಿಗೆ ಹಣ ಯಾವ ಕ್ರಮದಲ್ಲಿ ಸಂದಾಯವಾಗುತ್ತದೆಂದು ನಾವು ವಿಚಾರಿಸುವುದಿಲ್ಲ.

ಅಮೆರಿಕದ ಒಹಾಯೋ ರಾಜ್ಯದಲ್ಲಿ ನೆಲೆಸಿರುವ ನನ್ನ ಭಾವನವರಿಗೆ 2025ರಲ್ಲಿ 65 ವರ್ಷ ತುಂಬಿತು. ಆ ವಯಸ್ಸಿಗೆ ಅಲ್ಲಿ ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆ ದೊರೆಯುತ್ತದೆ. ವೈದ್ಯರ ಶುಲ್ಕ ಮುಂತಾದವುಗಳಲ್ಲಿ ಅದು ಸಾಮಾನ್ಯವಾಗಿ ಶೇ. 80ರಷ್ಟನ್ನು ಮಾತ್ರ ಭರಿಸುತ್ತದೆ, ಉಳಿದ ಶೇ. 20ಕ್ಕೆ ಮೇಲ್ಮಿತಿಯಿಲ್ಲ. ಈ ಕೊರತೆಯನ್ನು ತುಂಬಲು ಖಾಸಗಿ ಕಂಪನಿಗಳು ಮಾರುವುದೇ ಮೆಡಿಕೇರ್ ಪೂರಕ ಪಾಲಿಸಿ. ಇನ್ನೊಂದು ದಾರಿ, ಖಾಸಗಿ ಕಂಪನಿಗಳೇ ನಡೆಸುವ ಮೆಡಿಕೇರ್ ಅಡ್ವಾಂಟೇಜ್ ಯೋಜನೆ. ಇಲ್ಲಿ ಕಂತು ಕಡಿಮೆ, ಆದರೆ ಬಹುಮಟ್ಟಿಗೆ ಕಂಪನಿ ಗೊತ್ತುಮಾಡಿದ ವೈದ್ಯರಲ್ಲಿಗೇ ಹೋಗಬೇಕು. ಒಬ್ಬ ಏಜೆಂಟರು ಮೊದಲನೆಯದನ್ನೂ ಮತ್ತೊಬ್ಬರು ಎರಡನೆಯದನ್ನೂ ಹೊಗಳಿದಾಗ, ಭಾವನವರು ಲೆಕ್ಕ ನೋಡುವ ಕೆಲಸವನ್ನು ನನಗೆ ಒಪ್ಪಿಸಿದರು.

ಅಡ್ವಾಂಟೇಜ್ ಯೋಜನೆಯ ಕಮಿಷನ್‌ಗೆ ಕೇಂದ್ರ ಸರ್ಕಾರವೇ ಮಿತಿ ಹಾಕುತ್ತದೆ. 2025ರಲ್ಲಿ ಬಹುತೇಕ ರಾಜ್ಯಗಳಲ್ಲಿ ಅದು ಮೊದಲ ವರ್ಷಕ್ಕೆ 626 ಡಾಲರ್, ನವೀಕರಣಕ್ಕೆ 313 ಡಾಲರ್ ಇತ್ತು. ಪೂರಕ ಪಾಲಿಸಿಯಲ್ಲಿ ಕಮಿಷನ್ ಕಂತಿನ ಶೇಕಡಾವಾರು. ತಿಂಗಳಿಗೆ 150 ಡಾಲರ್ ಕಂತು, ಶೇ. 20 ಕಮಿಷನ್ ಎಂದು ಉದಾಹರಣೆಗೆ ಇಟ್ಟುಕೊಂಡರೆ ವರ್ಷಕ್ಕೆ 360 ಡಾಲರ್ ಆಗುತ್ತದೆ. ಮೊದಲ ವರ್ಷದ ಅಂತರ 266 ಡಾಲರ್. ಗ್ರಾಹಕನ ಪಾಲಿಗೆ ಇದು ಸಣ್ಣ ವಿಷಯವಲ್ಲ. ಏಕೆಂದರೆ ಆರಂಭದ ಆರು ತಿಂಗಳ ಅವಧಿ ಕಳೆದ ಮೇಲೆ ಪೂರಕ ಪಾಲಿಸಿ ಬೇಕೆಂದರೆ, ಬಹುತೇಕ ರಾಜ್ಯಗಳಲ್ಲಿ ಕಂಪನಿಯು ಆರೋಗ್ಯ ಸ್ಥಿತಿಯನ್ನು ವಿಚಾರಿಸಿ ಅರ್ಜಿಯನ್ನು ನಿರಾಕರಿಸಬಹುದು.

ಆದರೂ ಪೂರಕ ಪಾಲಿಸಿಯ ಕಮಿಷನ್ ನಿಯಮಗಳು ನನ್ನ ಮೆಚ್ಚುಗೆಗೆ ಪಾತ್ರವಾದವು. ಅಲ್ಲಿನ ರಾಜ್ಯ ವಿಮಾ ಆಯುಕ್ತರ ಸಂಘ ರೂಪಿಸಿದ ಮಾದರಿ ನಿಯಮದ ಪ್ರಕಾರ, ಮೊದಲ ವರ್ಷದ ಕಮಿಷನ್ ಎರಡನೆಯ ವರ್ಷದ ಎರಡು ಪಟ್ಟನ್ನು ಮೀರುವಂತಿಲ್ಲ. ನವೀಕರಣ ಕಮಿಷನ್ ಕನಿಷ್ಠ ಐದು ವರ್ಷ ಸಮನಾಗಿ ಸಲ್ಲಬೇಕು. ಒಂದು ಪಾಲಿಸಿಯನ್ನು ಬಿಡಿಸಿ ಇನ್ನೊಂದನ್ನು ಮಾರಿದರೆ, ಏಜೆಂಟರಿಗೆ ನವೀಕರಣದ ದರಕ್ಕಿಂತ ಹೆಚ್ಚು ದೊರೆಯದು. ಬಹುಮಾನ, ಬೋನಸ್, ಉಡುಗೊರೆಗಳೂ ಈ ಲೆಕ್ಕದೊಳಗೇ ಬರುತ್ತವೆ. ಗ್ರಾಹಕನನ್ನು ಕಂಪನಿಯಿಂದ ಕಂಪನಿಗೆ ಓಡಾಡಿಸಿ ಸಂಪಾದಿಸುವ ಆಸೆಗೆ ಇದರಿಂದ ಕಡಿವಾಣ ಬೀಳುತ್ತದೆ.

ನಮ್ಮಲ್ಲಿ ಬಿಡಿ ಆರೋಗ್ಯ ಪಾಲಿಸಿಗಳ ಕಮಿಷನ್‌ಗೆ ಹಿಂದೆ ಶೇ. 15ರ ಮಿತಿಯಿತ್ತು. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳು ಪಾಲಿಸಿವಾರು ಮಿತಿಯನ್ನು ತೆಗೆದು, ಕಂಪನಿಯ ಒಟ್ಟು ನಿರ್ವಹಣಾ ವೆಚ್ಚಕ್ಕೆ ಮಿತಿ ಹಾಕಿದವು. ಒಟ್ಟು ವೆಚ್ಚದ ಮಿತಿಯು ಕಮಿಷನ್ ಎಷ್ಟೆಂಬುದನ್ನು ಪರೋಕ್ಷವಾಗಿ ಹತೋಟಿಯಲ್ಲಿಟ್ಟೀತು; ಅದು ಯಾವ ವರ್ಷಕ್ಕೆ ಎಷ್ಟು ಸಲ್ಲಬೇಕೆಂಬುದನ್ನು ಅಲ್ಲ. ಮೊದಲ ವರ್ಷಕ್ಕೆ ಹೆಚ್ಚು ದೊರೆಯುವಲ್ಲಿ ಹೊಸ ಪಾಲಿಸಿ ಮಾರುವ ಉತ್ಸಾಹ, ಕ್ಲೇಮಿನ ದಿನ ಆಸ್ಪತ್ರೆಗೆ ಓಡಿಬರುವ ಉತ್ಸಾಹಕ್ಕಿಂತ ಹೆಚ್ಚಾಗಿರುವುದು ಸಹಜ.

ತಪ್ಪು ಏಜೆಂಟರದಷ್ಟೇ ಅಲ್ಲ. "ನಿಮ್ಮ ಕಮಿಷನ್‌ನಲ್ಲಿ ನನಗೆಷ್ಟು ಬಿಡುತ್ತೀರಿ?" ಎಂದು ಕೇಳುವ ವ್ಯಾಪಾರಸ್ಥರನ್ನು ನನ್ನ ಕಚೇರಿಯಲ್ಲೇ ಕಂಡಿದ್ದೇನೆ. 1938ರ ವಿಮಾ ಕಾಯ್ದೆಯ 41ನೇ ಕಲಮಿನನ್ವಯ ಅಂತಹ ರಿಯಾಯಿತಿಯನ್ನು ಕೊಡುವುದೂ ತಪ್ಪು, ಪಡೆಯುವುದೂ ತಪ್ಪು. ಕಾನೂನಿನ ಮಾತು ಹಾಗಿರಲಿ. ವರ್ಷದ ಸೇವೆಯ ಕೂಲಿಯನ್ನು ಮೊದಲ ದಿನವೇ ಕಸಿದುಕೊಂಡ ಮೇಲೆ ಸೇವೆಯನ್ನು ಯಾವ ಮುಖದಿಂದ ಕೇಳುವುದು?

ಆದ್ದರಿಂದ ಸದಸ್ಯರಲ್ಲಿ ನನ್ನ ವಿನಂತಿ ಇಷ್ಟೆ. ಕುಟುಂಬದ ಅಥವಾ ಕಾರ್ಮಿಕರ ಪಾಲಿಸಿಯನ್ನು ಬದಲಿಸುವಂತೆ ಯಾರಾದರೂ ಸಲಹೆಯಿತ್ತರೆ, ಮೊದಲ ವರ್ಷಕ್ಕೆ ಹಾಗೂ ನವೀಕರಣಕ್ಕೆ ಅವರಿಗೆ ದೊರೆಯುವುದೆಷ್ಟೆಂದು ನೇರವಾಗಿ ಕೇಳಿ. ಬದಲಿಸುವುದೇ ಸರಿಯೆನಿಸಿದರೆ, ಹೊಸದಾಗಿ ಕೊಳ್ಳದೆ ಪೋರ್ಟಬಿಲಿಟಿ ಸೌಲಭ್ಯವನ್ನು ಬಳಸಿಕೊಳ್ಳಿ. ಇಲ್ಲವಾದರೆ ಹಳೆಯ ಕಾಯಿಲೆಗಳ ಕಾಯುವ ಅವಧಿ ಮತ್ತೆ ಮೊದಲಿನಿಂದ ಆರಂಭವಾದೀತು. ಬದಲಿ ಪಾಲಿಸಿಗೆ ನವೀಕರಣ ದರದ ಕಮಿಷನ್ ಮಾತ್ರ ಸಲ್ಲಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರಕ್ಕೆ ನಮ್ಮ ಸಂಸ್ಥೆಯು ಮನವಿ ಸಲ್ಲಿಸುವುದೂ ಉಚಿತ.

ಏಜೆಂಟರ ಶ್ರಮವನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ದುಡಿದವರಿಗೆ ಕೂಲಿ ಸಲ್ಲಲೇಬೇಕು. ಆ ಕೂಲಿ ಪಾಲಿಸಿ ಮಾರಿದ ದಿನಕ್ಕಲ್ಲದೆ, ಪಾಲಿಸಿದಾರನ ಕೈಹಿಡಿದ ವರ್ಷಗಳಿಗೂ ಸಲ್ಲುವಂತಾದರೆ ಇಬ್ಬರಿಗೂ ಕ್ಷೇಮ.