ಕೈಗೊಪ್ಪುವ ಚೆಂಡು

ಆಟ ಯಾವುದೇ ಆಗಲಿ, ಅದರ ಸಾಮಗ್ರಿಯ ಅಂಗಡಿಯ ಮುಂದೆ ನಿಂತ ಹೊಸಬನ ಪಾಡು ಒಂದೇ. ಆಟ ಇನ್ನೂ ಕೈಗೆ ಹತ್ತಿರುವುದಿಲ್ಲ; ಆಸೆ ಮಾತ್ರ ತಲೆಗೇರಿರುತ್ತದೆ. ಅಮೆರಿಕದ ಊರುಗಳಲ್ಲಿ ಹತ್ತು ಪಿನ್ನಿನ ಬೌಲಿಂಗ್ ಆಡತೊಡಗಿದವನಿಗೆ ಈ ಗಳಿಗೆ ಬಹು ಬೇಗನೆ ಒದಗುತ್ತದೆ. ಕಚೇರಿಯ ಗೆಳೆಯರೊಡನೆ ವಾರಕ್ಕೊಂದು ಸಂಜೆ ಲೀಗ್ ಆಟಕ್ಕೆ ಸೇರುತ್ತಾನೆ. ಉಳಿದವರು ಚೀಲದ ಜಿಪ್ ಎಳೆದು, ಬಣ್ಣಬಣ್ಣದ ತಮ್ಮ ಚೆಂಡುಗಳನ್ನು ಮಗುವನ್ನೆತ್ತಿದಂತೆ ಮೇಲೆತ್ತುತ್ತಾರೆ. ಈತನೋ ಗೋಡೆಯ ಬದಿಯ ಹಲಗೆಯಿಂದ, ನೂರು ಕೈ ಕಂಡ ಸಾರ್ವಜನಿಕ ಚೆಂಡೊಂದನ್ನು ಆರಿಸಿಕೊಳ್ಳಬೇಕು. ನಾಲ್ಕು ವಾರ ಕಳೆಯುವಷ್ಟರಲ್ಲಿ ತನ್ನದೂ ಒಂದು ಚೆಂಡಿರಬೇಕೆಂಬ ಹಂಬಲ ಹುಟ್ಟುವುದು ಸಹಜವೇ.

ಆಗ ಎದುರಾಗುವ ಪ್ರಶ್ನೆ: ಹೊಸದೋ, ಹಳೆಯದೋ? ನೆರೆಮನೆಯವರು ಗ್ಯಾರೇಜು ಬರಿದುಮಾಡುವ ದಿನ ಕೆಲವೇ ಡಾಲರುಗಳಿಗೆ ದೊರೆಯುವ ಚೆಂಡು ಒಂದು ಕಡೆ. ಅಂಗಡಿಯ ದೀಪದಡಿಯಲ್ಲಿ ಹೊಳೆಯುವ, ನೂರಾರು ಡಾಲರ್ ಬೆಲೆಯ ಚೆಂಡು ಇನ್ನೊಂದು ಕಡೆ. ಹೊಸಬನು ಈ ಎರಡು ಬೆಲೆಗಳನ್ನು ತೂಗಿನೋಡುತ್ತಾನೆಯೇ ಹೊರತು ತನ್ನ ಹೆಬ್ಬೆರಳನ್ನು ನೋಡಿಕೊಳ್ಳುವುದಿಲ್ಲ. ತಪ್ಪು ಆರಂಭವಾಗುವುದು ಅಲ್ಲಿಯೇ.

ಬೌಲಿಂಗ್ ಚೆಂಡಿನ ಗುಣ ಅರ್ಧ ಅದರ ಮೈಯಲ್ಲಿದ್ದರೆ, ಅರ್ಧ ಅದರ ತೂತುಗಳಲ್ಲಿದೆ. ಮಧ್ಯದ ಬೆರಳಿಗೆ ಒಂದು, ಉಂಗುರದ ಬೆರಳಿಗೆ ಒಂದು, ಹೆಬ್ಬೆರಳಿಗೆ ಒಂದು, ಹೀಗೆ ಮೂರು. ಇವುಗಳ ಅಗಲ, ಓರೆ, ನಡುವಣ ಅಂತರ, ಎಲ್ಲವೂ ಒಬ್ಬನ ಕೈಗೆಂದೇ ಅಳೆದು ಕೊರೆದವು. ಬಳೆಗಾರ್ತಿಯು ಕೈ ಹಿಡಿದು, ಮೆಲ್ಲನೆ ಒತ್ತಿ, ಅಳತೆ ಹೇಳುವಂತೆ ಇಲ್ಲಿಯೂ ಕೈಬಲ್ಲ ಕುಶಲಿಯೊಬ್ಬ ಬೇಕು. ಹಳೆಯ ಚೆಂಡೆಂದರೆ ಮತ್ತೊಬ್ಬರ ಕೈಗೆ ತೊಡಿಸಿದ ಬಳೆ. ತೂತು ಸಡಿಲವಾದರೆ ಚೆಂಡು ಜಾರದಂತೆ ಆಟಗಾರ ಅರಿವಿಲ್ಲದೆಯೇ ಬಿಗಿಯಾಗಿ ಹಿಸುಕುತ್ತಾನೆ. ಅಂತರ ಹೆಚ್ಚಾದರೆ ಹೆಬ್ಬೆರಳು ತೂತಿನ ಅಂಚಿಗೆ ಉಜ್ಜುತ್ತದೆ. ಹೀಗೆ ತಿಂಗಳುಗಟ್ಟಲೆ ಉಜ್ಜಿದಾಗ, ತೋರುಬೆರಳಿನ ಕಡೆಗಿರುವ ಹೆಬ್ಬೆರಳ ನರ ನಲುಗಿ, ದಪ್ಪಗಟ್ಟಿ, ಜೋಮು ಹಿಡಿಯುತ್ತದೆ. ಮುಟ್ಟಿದರೆ ಮಿಂಚು ಹರಿದಂತಾಗುತ್ತದೆ. ವೈದ್ಯರು ಇದಕ್ಕೆ ಬೌಲರ್ಸ್ ತಂಬ್ ಎಂದೇ ಹೆಸರಿಟ್ಟಿದ್ದಾರೆ. ವಿಶ್ರಾಂತಿಯಿಂದಲೂ ತೂತನ್ನು ತಿದ್ದುವುದರಿಂದಲೂ ಬಹುಪಾಲು ವಾಸಿಯಾದರೂ, ಕೆಲವರಿಗೆ ಶಸ್ತ್ರಚಿಕಿತ್ಸೆಯವರೆಗೆ ಹೋದದ್ದುಂಟು. ಲೇಖನಿ ಹಿಡಿದು ಅಥವಾ ಕೀಲಿಮಣೆ ಒತ್ತಿ ಬದುಕುವವನಿಗೆ ವಿನೋದಕ್ಕಾಗಿ ಇಷ್ಟು ತೆರುವುದು ದುಬಾರಿಯೇ ಸರಿ.

ಹಾಗೆಂದು ಹಳೆಯ ಚೆಂಡನ್ನು ಕೊಳ್ಳಲೇಬಾರದೆಂದಲ್ಲ. ಹಳೆಯ ತೂತುಗಳಿಗೆ ರಾಳ ಸುರಿದು, ಅದು ಗಟ್ಟಿಯಾದ ಬಳಿಕ ಉಜ್ಜಿ ಸಮಮಾಡಿ, ಹೊಸದಾಗಿ ಕೊರೆಯಬಹುದು. ಆದರೆ ತುಂಬುವ ಕೂಲಿ, ಕೊರೆಯುವ ಕೂಲಿ ಎರಡನ್ನೂ ಕೂಡಿಸಿದರೆ ಸಾಧಾರಣ ಹೊಸ ಚೆಂಡಿನ ಬೆಲೆಯ ಸಮೀಪಕ್ಕೆ ಬಂದು ನಿಲ್ಲುವುದುಂಟು. ಅಗ್ಗದ ವ್ಯಾಪಾರವೆಂದು ಬೀಗಿದವನು ಈ ಲೆಕ್ಕ ಕಾಣುವುದು ಕೆಲಸ ಮುಗಿದ ಮೇಲೆ. ಕೊಳ್ಳುವ ಮುನ್ನ ಚೆಂಡನ್ನು ಬೆಳಕಿಗೆ ಹಿಡಿದು ಹೆಬ್ಬೆರಳ ತೂತಿನ ಸುತ್ತಲೂ, ಇನ್ನೆರಡು ಬೆರಳ ತೂತುಗಳ ನಡುವಣ ಕಿರಿದಾದ ಸೇತುವೆಯಲ್ಲಿಯೂ ಬಿರುಕುಂಟೇ ಎಂದು ಉಗುರಾಡಿಸಿ ನೋಡಬೇಕು. ಬೇಸಗೆಯ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬೆಂದ ಚೆಂಡುಗಳೇ ಹೀಗೆ ಸೀಳುವುದು ಹೆಚ್ಚು. ನಾಲ್ಕನೆಯ ತೂತೊಂದು ಕಂಡರೆ ಅದರ ಕಥೆಯನ್ನೂ ವಿಚಾರಿಸಬೇಕು. ತೂಕದ ಸಮತೋಲಕ್ಕಾಗಿ ಹಿಂದೆ ಹಾಗೆ ಕೊರೆಯುತ್ತಿದ್ದರು. 2020ರ ಆಗಸ್ಟ್ 1ರಿಂದ ಅಮೆರಿಕದ ಬೌಲಿಂಗ್ ಕಾಂಗ್ರೆಸ್ ಅದನ್ನು ನಿಷೇಧಿಸಿತು. ಅಂಥ ತೂತನ್ನು ಮುಚ್ಚಿಸದೆ ಮಾನ್ಯತೆ ಪಡೆದ ಲೀಗುಗಳಲ್ಲಿ ಆಡುವಂತಿಲ್ಲ.

ಇನ್ನು ಚೆಂಡಿನ ಮೈಯ ವಿಚಾರ. ಮೊದಲಲ್ಲಿ ಲಿಗ್ನಮ್ ವಿಟೆ ಎಂಬ ಕಬ್ಬಿಣದಂಥ ಮರದಿಂದ ಚೆಂಡು ಕಡೆಯುತ್ತಿದ್ದರು. 1905ರಲ್ಲಿ ರಬ್ಬರಿನದು ಬಂದಿತು. 1960ರ ಆಸುಪಾಸಿಗೆ ಪ್ಲಾಸ್ಟಿಕ್. 1980ರ ದಶಕದಲ್ಲಿ ಯುರಿಥೇನ್. 1990ರ ದಶಕದಲ್ಲಿ ರಿಯಾಕ್ಟಿವ್ ರೆಸಿನ್. ಈ ಕೊನೆಯದರ ಮೈತುಂಬ ಕಣ್ಣಿಗೆ ಕಾಣದ ರಂಧ್ರಗಳು. 60 ಅಡಿ ಉದ್ದದ ಲೇನಿನ ಮುಂಭಾಗಕ್ಕೆ ಎಣ್ಣೆ ಬಳಿದಿರುತ್ತಾರೆ. ಆ ಚೆಂಡು ಎಣ್ಣೆಯ ಮೇಲೆ ಜಾರಿ, ಕೊನೆಯ ಒಣನೆಲದಲ್ಲಿ ಹಲಗೆಯನ್ನು ಕಚ್ಚಿ ಥಟ್ಟನೆ ತಿರುಗುತ್ತದೆ. ನೋಡಲು ಸೊಗಸು. ಆದರೆ ಕೈ ಇನ್ನೂ ಪಳಗದವನಿಗೆ ತಪ್ಪು ತನ್ನದೋ ಚೆಂಡಿನದೋ ತಿಳಿಯುವುದಿಲ್ಲ. ಸಾಲದುದಕ್ಕೆ ಆ ರಂಧ್ರಗಳು ಎಣ್ಣೆ ಕುಡಿಯುತ್ತವೆ. ಹಳೆಯದಾದಷ್ಟೂ ಕಚ್ಚುವ ಗುಣ ಕುಗ್ಗುತ್ತದೆ. ಹಳೆಯದನ್ನು ಕೊಳ್ಳುವವನು ಇದನ್ನು ನೆನೆಯಬೇಕು. ಪ್ಲಾಸ್ಟಿಕ್ ಚೆಂಡಿಗೆ ಈ ಚಪಲವಿಲ್ಲ. ಅದು ನೇರವಾಗಿ ಹೋಗುತ್ತದೆ, ಎಣ್ಣೆ ಹೀರುವುದಿಲ್ಲ, ಬೆಲೆಯೂ ಕಡಿಮೆ. ಮುಂದೆ ಪಳಗಿದ ಆಟಗಾರನಾದರೂ, ಮೂಲೆಯಲ್ಲುಳಿದ ಒಂಟಿ ಪಿನ್ನನ್ನು ಕೆಡಹಲು ಆ ಚೆಂಡನ್ನೇ ಚೀಲದಲ್ಲಿ ಇರಿಸಿಕೊಂಡಿರುತ್ತಾನೆ. ಆದುದರಿಂದ ಮೊದಲ ಚೆಂಡು ಹೊಸ ಪ್ಲಾಸ್ಟಿಕ್ಕಿನದಾಗಿ, ತನ್ನ ಕೈಗೆ ಕೊರೆಸಿದ್ದಾದರೆ, ಆ ಹಣ ಎಲ್ಲಿಯೂ ಹೋಗದು.

ತೂಕದಲ್ಲಿ ಪೌರುಷ ತೋರಿಸಹೊರಡುವವರೂ ಇದ್ದಾರೆ. ನಿಯಮದ ಮೇರೆ 16 ಪೌಂಡ್. ಅದನ್ನೇ ಎತ್ತಬೇಕೆಂಬ ಕಟ್ಟಳೆಯೇನೂ ಇಲ್ಲ. ಮೂರು ಆಟ ಮುಗಿದ ಮೇಲೂ ಭುಜ ವಾಲದೆ ಬೀಸಬಲ್ಲ ತೂಕವೇ ತಕ್ಕ ತೂಕ. ಕೈಗೆ ಕೊರೆಸಿದ ಚೆಂಡು ಅದೇ ತೂಕದ ಸಾರ್ವಜನಿಕ ಚೆಂಡಿಗಿಂತ ಹಗುರವೆನಿಸುವುದರಿಂದ ಒಂದು ಪೌಂಡ್ ಹೆಚ್ಚಿಸಿದರೂ ನಡೆಯುತ್ತದೆ. ರಜೆಗೆ ಬೆಂಗಳೂರಿಗೆ ಬರುವಾಗ ಇಲ್ಲಿನ ಲೇನುಗಳಲ್ಲಿಯೂ ಆಡೋಣವೆಂದು ಅದನ್ನು ಪೆಟ್ಟಿಗೆಗೆ ಹಾಕಹೊರಟ ಕನ್ನಡಿಗ ಮಾತ್ರ ಒಮ್ಮೆ ಯೋಚಿಸಬೇಕು: 15 ಪೌಂಡಿನ ಚೆಂಡು ಸುಮಾರು 6.8 ಕಿಲೋ. 23 ಕಿಲೋ ಪೆಟ್ಟಿಗೆಯಲ್ಲಿ ಅತ್ತೆಮಾವಂದಿರ ಉಡುಗೊರೆಗೆ ಆಮೇಲೆ ಸ್ಥಳ ಹುಡುಕುವವರಾರು?

ಕೊರೆಯುವವನು ಮೊದಲು ಹೆಬ್ಬೆರಳನ್ನು ಪೂರ್ತಿ ಇಳಿಸಿ, ಉಳಿದೆರಡು ಬೆರಳನ್ನು ಎರಡನೆಯ ಗೆಣ್ಣಿನವರೆಗೆ ಇಡಿಸುತ್ತಾನೆ. ಅಂಗೈಗೂ ಚೆಂಡಿಗೂ ನಡುವೆ ಒಂದು ಪೆನ್ಸಿಲು ತೂರುವಷ್ಟು ಎಡೆಯಿದೆಯೇ ಎಂದು ನೋಡುತ್ತಾನೆ. ತೂತಿನ ಅಂಚನ್ನು ಉಜ್ಜಿ ದುಂಡಗೆ ಮಾಡಿ, ಮತ್ತೆ ಇಡಿಸಿ, ಮತ್ತೆ ಉಜ್ಜುತ್ತಾನೆ. ಆಡುವಾಗ ಹೆಬ್ಬೆರಳು ಊದುವುದೂ ಇಳಿಯುವುದೂ ಉಂಟಾದುದರಿಂದ, ಒಳ್ಳೆಯ ಕುಶಲಿಯಾದರೆ ಎರಡು ವಾರ ಆಡಿ ಮತ್ತೆ ಬರುವಂತೆ ಹೇಳಿ ಕಳಿಸುತ್ತಾನೆ.